ಎಡ ಅಂಗೈಗೆ ಕಟ್ಟಿದ ಲಿಂಗ

"ಪ್ರಾಣ ಹ್ವಾದರೂ ಲಿಂಗಾ ತೆಗ್ಯಾಂಗಿಲ್ಲ!"

ಕೊರಳಲ್ಲಿ ಏನೂ ಇರಬಾರದೆಂದು ನರ್ಸ್ ಹೇಳಿದ್ದೇ ತಡ, ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಸ್ಟ್ರೆಚರ್ ಮೇಲೆ ಮಲಗಿದ್ದ ನಮ್ಮ ಮನೆಯವರು ಇಷ್ಟಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ದೀಕ್ಷೆಯಾದಂದಿನಿಂದ ಅದು ಅವರ ಮೈಬಿಟ್ಟು ಹೋಗಿಲ್ಲ, ನಿಜ. ಆದರೆ ಬಲಗಣ್ಣಿನ ಒಳಪರದೆ ಕಳಚಿತ್ತು, ಎಡಗಣ್ಣು ಮೊದಲೇ ಮಂದ. ತಡವಾದರೆ ದೃಷ್ಟಿ ಮರಳುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಜತ್ತದಿಂದ ಮಿರಜಿಗೆ ಬಂದು, ಮುಂಜಾನೆಯಿಂದ ಕಾದು, ಸರದಿ ಬಂದಾಗ ಈ ಹಟ! ಒಳಗೆ ಡಾಕ್ಟರು ಕೈ ತೊಳೆದು ನಿಂತಿದ್ದರು. ಹೊರಗೆ ಉಳಿದ ರೋಗಿಗಳು ನಮ್ಮನ್ನೇ ದುರುಗುಟ್ಟಿ ನೋಡುತ್ತಿದ್ದರು.

ನನಗೆ ತಲೆ ಕೆಟ್ಟಿತು. "ರೀ, ಕಣ್ಣ ಹ್ವಾದರ ಲಿಂಗಾ ನೋಡೂದರ ಹ್ಯಾಂಗ್ರಿ? ನಾ ಪೂಜಿ ಮಾಡಿ ನಿಮಗ ವರದಿ ಕೊಡ್ಲೇನು?" ಎಂದೆ.

"ನೀ ಸುಮ್ಕಿರ," ಎಂದರು.

ಅಷ್ಟರಲ್ಲಿ ನರ್ಸ್ ಬಾಯಿ ಕೇಳಿದಳು: "ಕಾಕಾ, ಪೂಜಿ ಮಾಡೂವಾಗ ಲಿಂಗಾ ಎಲ್ಲಿ ಹಿಡೀತೀರಿ?"

"ಎಡಗೈಯಾಗ."

"ಹಂಗಾರ ಈಗೂ ಅಲ್ಲೇ ಇರ್ಲಿ ಬಿಡ್ರಿ."

ಇವರೇ ಕರಡಿಗೆಯಿಂದ ತೆಗೆದ ಲಿಂಗವನ್ನು ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಎಡ ಅಂಗೈಗೆ ಪಟ್ಟಿ ಹಾಕಿ ಕಟ್ಟಿದಳು. ಇವರು ಆ ಕೈಯನ್ನು ಎದೆಗೊತ್ತಿಕೊಂಡು ಒಳಗೆ ಹೋದರು.

ಈಗ ಕಣ್ಣಿನ ಪರದೆ ಸರಿಯಾಗಿ ಕೂಡಲೆಂದು ಡಾಕ್ಟರ ಅಪ್ಪಣೆಯಂತೆ ಕವುಚಿ ಮಲಗಿರುತ್ತಾರೆ. ಅದಕ್ಕೂ ದಿನವಿಡೀ ಗೊಣಗಾಟ. ನಿನ್ನೆ ಪೂಜೆಯ ಹೊತ್ತಿಗೆ ಮುಖದ ಕೆಳಗೆ ಅಂಗೈ ಹಿಡಿದು, ಎಡಗಣ್ಣು ಮುಚ್ಚಿ, "ಏ, ಲಿಂಗಾ ಕಾಣಾಕತ್ತೈತಿ" ಎಂದರು. ಗುಡ್ಡಾಪುರದ ದಾನಮ್ಮ ತಾಯಿಗೆ ಕುಳಿತಲ್ಲೇ ಕೈಮುಗಿದೆ. ಆಮೇಲೆ ಅವರ ಗೊಣಗಾಟ ಮತ್ತೆ ಶುರುವಾಯಿತು, ಆಗಲಿ ಎಂದು ಕೇಳಿಸಿಕೊಂಡೆ.