ಏನೂ ಇರಬಾರದ ಪೈಪು

ಬೀದರ ಊರಾಚೆಯ ಒಂದು ಶೆಡ್ಡಿನಲ್ಲಿ ನಾವು ದೊಡ್ಡ ದೊಡ್ಡ ಸ್ಟೀಲ್ ಪೈಪು ಮಾಡುತ್ತೇವೆ. ಒಳಗೆ ಮನುಷ್ಯ ಕೂತು ಕೆಲಸ ಮಾಡಬಹುದು, ಅಷ್ಟು ದೊಡ್ಡವು. ನೀರಿಗಲ್ಲ, ಗ್ಯಾಸಿಗಲ್ಲ. ಎಲ್ಲೋ ದೂರದ ವಿಜ್ಞಾನ ಸಂಸ್ಥೆಗಳಿಗೆ ಹೋಗುತ್ತವೆ. ಅಲ್ಲಿ ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು, ಪೂರ್ತಿ ಖಾಲಿ ಮಾಡಿ, ಅದರಲ್ಲಿ ಬೆಳಕು ಬಿಟ್ಟು ಏನನ್ನೋ ಅಳೆಯುತ್ತಾರಂತೆ. ಏನನ್ನು ಎಂದು ಎಂಜಿನಿಯರ್ ಸಾಹೇಬರು ಎರಡು ಸಲ ಹೇಳಿದರು. ಎರಡು ಸಲವೂ ತಲೆಯಾಡಿಸಿದೆ. ತಿಳಿದದ್ದು ಸೊನ್ನೆ.

ಭಾಲ್ಕಿಯಲ್ಲಿ ಐಟಿಐ ಮುಗಿಸಿ ಬಂದವನಿಗೆ ಮೊದಲು ಸಿಕ್ಕಿದ್ದು ಗ್ರೈಂಡಿಂಗ್. ಲೋಹದ ಧೂಳು ಕುಡಿದು ಕುಡಿದು ಕೆಮ್ಮು ಹತ್ತಿತು. ಚಿದ್ರಿಯ ಬಾಡಿಗೆ ಕೋಣೆಯಲ್ಲಿ ನಾನು ಕೆಮ್ಮಿದರೆ ಪಕ್ಕದವರು ಗೋಡೆ ಬಡಿಯುತ್ತಿದ್ದರು. ಹಾಗಾಗಿ ಪೈಪಿನ ಒಳಮೈ ಒರೆಸುವ ಕೆಲಸಕ್ಕೆ ಹಾಕಿದಾಗ, ಬದುಕಿದೆ ಎಂದುಕೊಂಡೆ. ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆ, ಮೈತುಂಬ ಬಿಳಿ ಅಂಗಿ, ಕೈಗವಸು. ಧೂಳಿನ ಮಾತೇ ಇಲ್ಲ.

ಆದರೆ ಮೊದಲ ದಿನವೇ ನಮ್ಮ ಹಿರಿಯ ಮೇಸ್ತ್ರಿ ಉಸ್ತಾದರು ಒಂದು ಡಬ್ಬಿ ಮುಂದಿಟ್ಟರು. ಅವರು ಬೀದರದ ಹಳೇ ಊರಿನ ಮುಸಲ್ಮಾನರು, ವೆಲ್ಡಿಂಗ್ ಮಾಡುತ್ತಲೇ ಕೂದಲು ನೆರೆಸಿಕೊಂಡವರು.

“ಮೈಮ್ಯಾಲ ಇದ್ದದ್ದೆಲ್ಲಾ ತಗದ ಇದರಾಗ ಹಾಕು. ಉಂಗುರ, ದಾರ, ತಾಯತ. ತಲಿಗಿ ಎಣ್ಣಿನೂ ನಡ್ಯಂಗಿಲ್ಲ. ಒಂದ ಬೆರಳಿನ ಜಿಡ್ಡ ಒಳಗ ಉಳೀತಂದ್ರ ಪೈಪ್ ಖಾಲಿ ಆಗಂಗಿಲ್ಲ.”

ಅವರ ತೋಳಿನ ತಾಯತ ಆಗಲೇ ಡಬ್ಬಿಯಲ್ಲಿತ್ತು.

ನನ್ನ ಕೊರಳಲ್ಲಿ ಲಿಂಗವಿತ್ತು, ಬೆಳ್ಳಿಯ ಕರಡಿಗೆಯಲ್ಲಿಟ್ಟು ದಾರ ಕಟ್ಟಿದ್ದು. ನಮ್ಮಲ್ಲಿ ಅದು ಮೈ ಬಿಡಬಾರದು; ಸತ್ತರೂ ಜೊತೆಗೇ ಮಣ್ಣಿಗೆ ಹೋಗುತ್ತದೆ. ಹಾಗಂತ ನಾನೇನು ದೊಡ್ಡ ಭಕ್ತನಲ್ಲ. ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿ ಎಷ್ಟು ಕಾಲವಾಯಿತೋ. ಪೂಜೆ ಬಿಟ್ಟವನಿಗೆ ತೆಗೆದಿಡಲು ಏನು ಧಾಡಿ? ನನಗೇ ಗೊತ್ತಾಗಲಿಲ್ಲ. ಕೈ ದಾರದ ತನಕ ಹೋಗಿ ವಾಪಸು ಬಂತು.

ನಮ್ಮೂರು ಡಾಬಕಾದಲ್ಲಿರುವ ಅವ್ವನಿಗೆ ಫೋನು ಹಚ್ಚಿ ವಿಷಯ ಹೇಳಿದೆ.

“ಆ ಪೈಪಿನ್ಯಾಗ ಏನ್ ತುಂಬ್ತಾರ, ತಮ್ಮಾ?” ಎಂದಳು.

“ಏನೂ ಇಲ್ಲವ್ವ. ಗಾಳಿನೂ ಇರಬಾರದು.”

“ಏನೂ ಇಲ್ಲದ್ದರ ಸಲುವಾಗಿ ಲಿಂಗ ತಗೀ ಅಂತಾರ?” ಎಂದಳು. “ನನಗೇನ್ ಕೇಳ್ತಿ. ತಗದ್ರ ನನಗ ಹೇಳಬ್ಯಾಡ.”

ಇದು ಒಪ್ಪಿಗೆಯೋ ಸಿಟ್ಟೋ ತಿಳಿಯದೆ ತಲೆ ಇನ್ನಷ್ಟು ಕೆಟ್ಟಿತು.

ಕೊನೆಗೆ ಉಸ್ತಾದರೇ ದಾರಿ ಹೇಳಿದರು. ಹೊಸ ಕೈಗವಸಿನಲ್ಲಿ ಕರಡಿಗೆ ಇಟ್ಟು, ಬಾಯಿ ಬಿಗಿದು, ಬಿಳಿ ಅಂಗಿಯೊಳಗೆ ಸೇರಿಸಿಕೊಂಡೆ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ಪೈಪಿಗೆ ಇಳಿದೆ.

ಒರೆಸಿದ ಮೇಲೆ ಪಂಪು ಹಚ್ಚಿದರು. ಒಳಗೆ ಎಷ್ಟು ಗಾಳಿ ಉಳಿದಿದೆ ಎಂದು ತೋರಿಸುವ ಮೀಟರಿನ ಅಂಕಿ ಇಳಿಯುತ್ತ ಬಂದು, ಬೇಕಾದಷ್ಟು ಇಳಿಯದೆ ಒಂದು ಕಡೆ ನಿಂತೇಬಿಟ್ಟಿತು. ವೆಲ್ಡಿಂಗ್ ಸರಿಯಿತ್ತು, ಎಲ್ಲೂ ಸೋರಿಕೆ ಇರಲಿಲ್ಲ. ಒಳಗೆ ಜಿಡ್ಡು ಉಳಿದಿದೆ, ಮತ್ತೆ ಒರೆಸಿ, ಈ ಸಲವೂ ಆಗದಿದ್ದರೆ ಒರೆಸುವವನನ್ನೇ ಬದಲಿಸಿ ಎಂದರು ಸಾಹೇಬರು. ಅಂದರೆ ನನಗೆ ಮತ್ತೆ ಗ್ರೈಂಡಿಂಗ್, ಮತ್ತೆ ಕೆಮ್ಮು. ಯಾರೂ ನನ್ನ ಲಿಂಗದ ಕಡೆ ಬೆರಳು ಮಾಡಲಿಲ್ಲ. ನಾನೇ ಮಾಡಿಕೊಂಡೆ. ಸಂಶಯಪಟ್ಟೆನಲ್ಲ ಎಂಬ ನಾಚಿಕೆ, ಕೆಲಸ ಹೋದೀತೆಂಬ ಹೆದರಿಕೆ, ಎರಡೂ ಒಟ್ಟಿಗೇ ಹಿಡಿದವು.

ಎರಡನೆಯ ಸಲ ಇಳಿಯುವ ಮುಂಚೆ ದಾರ ತೆಗೆದೆ. ಆದರೆ ಉಂಗುರಗಳ ನಡುವೆ ಡಬ್ಬಿಗೆ ಹಾಕಲು ಮನಸ್ಸಾಗಲಿಲ್ಲ. ನೆಲದ ಮೇಲಂತೂ ಇಡುವಂತಿಲ್ಲ. ಹಿಡಿದುಕೊಂಡು ಪೆದ್ದನ ಹಾಗೆ ನಿಂತೆ. ಉಸ್ತಾದರು ನಳಕ್ಕೆ ಹೋಗಿ, ಕೈ ತೊಳೆದು ಬಂದು ಅಂಗೈ ಚಾಚಿದರು.

“ಕೊಡು. ನಾ ಹಿಡಕೊಂಡಿರ್ತೇನಿ. ನೀ ಮುಗಸ್ಕೊಂಡ ಬಾ.”

ಒಳಗೆ ಎಷ್ಟು ಹೊತ್ತು ಒರೆಸಿದೆನೋ. ಎದೆ ಬರಿದಾಗಿತ್ತು, ಭಯವಾಗುತ್ತಿತ್ತು. ಹೊರಬಂದಾಗ ಅವರು ಅಲ್ಲೇ ನಿಂತಿದ್ದರು. ಯಾರೋ ತಂದಿಟ್ಟ ಚಹಾ ಕೆನೆಗಟ್ಟಿತ್ತು. ಅಂಗೈ ಎದೆಯ ಮಟ್ಟಕ್ಕೆ ಚಾಚಿದ್ದು ಚಾಚಿದಂತೆಯೇ, ಅದರ ಮೇಲೆ ಕರಡಿಗೆ.

“ಕೂತಿದ್ರ ಆಗ್ತಿತ್ತಲ್ರೀ, ಉಸ್ತಾದ,” ಎಂದೆ.

“ಕೂಡಬೇಕೋ ಕೂಡಬಾರದೋ, ನನಗೇನ್ ಗೊತ್ತಪಾ. ನಿಮ್ಮದ್ ಹ್ಯಾಂಗೋ ಏನೋ,” ಎಂದರು.

ಈ ಸಲ ಅಂಕಿ ಇಳಿಯಿತು, ಪೈಪು ಲಾರಿ ಹತ್ತಿತು. ಯಾತಕ್ಕೆ ಇಳಿಯಿತೆಂದು ಇವತ್ತಿಗೂ ನನಗೆ ತಿಳಿದಿಲ್ಲ. ಲಿಂಗ ತೆಗೆದದ್ದಕ್ಕೋ, ಚೆನ್ನಾಗಿ ಒರೆಸಿದ್ದಕ್ಕೋ. ಅದು ನನ್ನ ಮೈ ಬಿಟ್ಟಿದ್ದಂತೂ ನಿಜ. ಆದರೆ ಉಸ್ತಾದರು ಹಿಡಿದಷ್ಟು ಹೊತ್ತು ನಾನು ಅದನ್ನು ಒಂದು ದಿನವೂ ಅಂಗೈಯಲ್ಲಿ ಹಿಡಿದವನಲ್ಲ.