ಇದ್ದಿಲ ಬಸ್ಸಿಗೊಂದು ಹಳೆಯ ಖಾದಿ

ಖಾದಿಯನ್ನು ಮಸಿಗೆ ಹಾಕಿದರೆಂದು ಗರಗದ ಬಸ್ಸಿನ ಮಕಬೂಲಸಾಬರನ್ನು ಹಳಿದವರಲ್ಲಿ ತಾವೂ ಒಬ್ಬರಲ್ಲವೇ? ಹಳಿದ ಮೇಲೆ ಅದೇ ಬಸ್ಸನ್ನು ಹತ್ತಿ, ಕಿಟಕಿಯ ಬದಿಯ ಜಾಗ ಹಿಡಿದು, ಧಾರವಾಡಕ್ಕೆ ಹೋಗಿ ಬಂದಿಲ್ಲವೇ?

ಬೆಳಕು ಹರಿಯುವ ಹೊತ್ತು. ಮಕಬೂಲಸಾಬರ ಊರಾದ ಲಕಮನಹಳ್ಳಿಯ ಬೇವಿನ ಮರದ ಕೆಳಗೆ, ಗರಗಕ್ಕೆ ಹೋಗಿ ಅಲ್ಲಿಂದ ಧಾರವಾಡಕ್ಕೆ ಬರುವ ಬಸ್ಸು ನಿಂತಿದೆ. ಅದರ ಅಡಿಯಿಂದ ಎರಡು ಕಾಲುಗಳಷ್ಟೇ ಹೊರಗೆ ಚಾಚಿವೆ. ಅವು ಮಕಬೂಲಸಾಬರವು. ಬಸ್ಸಿನ ಹಿಂಬದಿಗೆ ಆಳೆತ್ತರದ ತಗಡಿನ ಒಲೆಯೊಂದನ್ನು ಬಿಗಿದಿದ್ದಾರೆ. ಅದಕ್ಕೆ ಗಾಳಿ ಊದುವ ಚಕ್ರವನ್ನು ಅವರ ಪತ್ನಿ ಅಬೀದಾ ತಿರುಗಿಸುತ್ತಿದ್ದಾರೆ. ಮಹಾಯುದ್ಧದಿಂದಾಗಿ ಪೆಟ್ರೋಲಿಗೆ ರೇಷನ್ ಬಂದಂದಿನಿಂದ ಈ ಬಸ್ಸಿಗೆ ಇದ್ದಿಲೇ ಆಹಾರ. ಒಲೆಯಲ್ಲಿ ಹುಟ್ಟಿದ ಗ್ಯಾಸು ಕೊಳವೆಯಲ್ಲಿ ಹಾಯ್ದು, ಬಟ್ಟೆಯ ಚೀಲದಲ್ಲಿ ಸೋಸಿಕೊಂಡು, ಇಂಜಿನ್ನಿಗೆ ಸೇರುತ್ತದೆ.

"ಇನ್ನಷ್ಟು ಜೋರ್ ತಿರಗಸ," ಎಂದು ಅಡಿಯಿಂದ ದನಿ ಬರುತ್ತದೆ.

"ಇನ್ನಷ್ಟು ಜೋರ್ ತಿರಗಿಸಿದ್ರ ಕೈ ಕಿತ್ತು ಬರ್ತೈತಿ. ಆಮ್ಯಾಲ ರೊಟ್ಟಿ ಬಡ್ಯಾಕೂ ಬಸ್ಸಿಗೇ ಹೇಳ್ರಿ," ಎಂದು ಅಬೀದಾ ನಗುತ್ತಾರೆ.

ಇದು ಹುಬ್ಬಳ್ಳಿಯ ಮಾಲಕನೊಬ್ಬ ದುಡಿಸಿ ದುಡಿಸಿ ಗುಜರಿಗೆ ಹಾಕಲು ಹೊರಟಿದ್ದ ಗಾಡಿ. ಅಲ್ಲಿ ಕ್ಲೀನರ್ ಆಗಿದ್ದ ಮಕಬೂಲಸಾಬರು ಅದನ್ನು ಗುಜರಿಯ ಬೆಲೆಗೇ ಕೊಂಡರು. ಮೈಲಿ ತೋರಿಸುವ ಮುಳ್ಳು ಎಂದೋ ಸೋತು ನಿಂತಿದೆ, ಗಾಡಿ ನಿಂತಿಲ್ಲ. ಯಾವ ಕಾರಖಾನೆಗೂ ಒಯ್ಯದೆ ಎಲ್ಲ ರಿಪೇರಿಯನ್ನೂ ಸ್ವತಃ ಮಾಡುತ್ತಾರೆ. ಶುಕ್ರವಾರ ನಮಾಜು ಮುಗಿಸಿ ಬಂದು ಇಂಜಿನ್ನಿನ ತಲೆ ಬಿಚ್ಚುತ್ತಾರೆ. ಸವೆದ ಚಮಚದಿಂದ ಕರಕು ಕೆರೆಯುತ್ತಾರೆ. ವಾಲ್ವುಗಳನ್ನು ಕೋಲಿಗೆ ಸಿಕ್ಕಿಸಿ, ಮಜ್ಜಿಗೆ ಕಡೆಯುವಂತೆ ಅಂಗೈಗಳ ನಡುವೆ ಹೊಸೆದು, ಅವು ಬಿಗಿಯಾಗಿ ಕೂರುವವರೆಗೆ ಉಜ್ಜುತ್ತಾರೆ.

"ಮಂದಿ ಕೇಳ್ತಾರು, ಇಂಥಾ ಹಳೀದರ ಜೋಡಿ ಯಾಕ ಗುದ್ದಾಡ್ತಿ ಅಂತ," ಎನ್ನುತ್ತಾರೆ ಅವರು. "ಗುದ್ದಾಟ ಎಲ್ಲೈತ್ರಿ? ಮುಂಜಾನಿ ಒಂದ ಹೊಡತಕ್ಕ ಸುರು ಆತಂದ್ರ, ನನಗ ಹಬ್ಬಾ ಮಾಡಿದ್ಹಂಗ ಆಗತೈತಿ."

ಈ ಹಬ್ಬಕ್ಕೆ ಕುತ್ತು ಬಂದದ್ದು ಚೀಲದಿಂದ. ಇದ್ದಿಲ ಬೂದಿ ಇಂಜಿನ್ನಿಗೆ ಹೊಕ್ಕರೆ ಮರಳಿನಂತೆ ಒಳಗೋಡೆಯನ್ನು ತಿನ್ನುತ್ತದೆ. ಸವೆದ ಭಾಗಗಳಿಗೆ ಬದಲಿ ಈಗ ಹುಬ್ಬಳ್ಳಿಯಲ್ಲೂ ಸಿಗುವುದಿಲ್ಲ. ಗೋಣಿ ಬೂದಿಯನ್ನು ಬಿಟ್ಟುಬಿಡುತ್ತದೆ. ಗಿರಣಿಯ ನುಣುಪು ಬಟ್ಟೆಯೂ ತಡೆಯುವುದಿಲ್ಲ. ಜುಂಗುಜುಂಗಾದ ಎಳೆಯ ಗರಗದ ದಪ್ಪ ಖಾದಿ ಮಾತ್ರ ಅದನ್ನು ಹಿಡಿದಿಡುತ್ತದೆ. ನೇಕಾರಳಾದ ಶಿವಬಸವ್ವ ಕಳೆದ ವರ್ಷ ಹೊಲಿದುಕೊಟ್ಟ ಚೀಲ ಈಗ ಜಾಳಾಗಿದೆ. ಹೊಸ ಬಟ್ಟೆ ಕೇಳಿದರೆ ಕೊಡುವವರಿಲ್ಲ. ಗರಗದ ನೇಕಾರರಿಗೆ ಅರಳೆ ಒದಗಿಸುವ ವ್ಯಾಪಾರಿ ಮುರುಗೆಪ್ಪನವರು ಊರಿಗೆಲ್ಲ ಕಟ್ಟಪ್ಪಣೆ ಮಾಡಿದ್ದಾರೆ: ದೇಶದ ಮಾನದ ಬಟ್ಟೆಯನ್ನು ಮಸಿಗೆ ಹಾಕುವವನಿಗೆ ಯಾರೂ ಒಂದು ಗೇಣೂ ಮಾರಕೂಡದು!

ದುಡಿಯುವವನ ಕೈ ಸೋಕಿದೊಡನೆ ಮೈಲಿಗೆಯಾಗುವುದಾದರೆ ಖಾದಿಯನ್ನು ನೂಲುವುದಾದರೂ ಯಾರಿಗಾಗಿ? ಗಂಜಿ ಹಾಕಿ ಮಡಚಿ ಪೆಟ್ಟಿಗೆಯಲ್ಲಿ ಪೂಜಿಸುವುದಕ್ಕೇ? ನೂಲಿನ ಗಂಟನ್ನು ತಲೆಯ ಮೇಲೆ ಹೊತ್ತು ಧಾರವಾಡದವರೆಗೆ ನಡೆಯುತ್ತಿದ್ದ ಹೆಂಗಸರನ್ನು ಕೂರಿಸಿ ಒಯ್ಯುವ ಬಸ್ಸು ಇದು. ಇದು ನಿಂತರೆ ಅವರು ಮತ್ತೆ ನಡೆಯಬೇಕು.

ಗರಗದಲ್ಲಿ ಬಸ್ಸು ನಿಂತಾಗ ಮುರುಗೆಪ್ಪನವರೇ ಎದುರಾಗುತ್ತಾರೆ. "ಏನ್ ಸಾಬ್ರ, ಖಾದಿಗೆ ಮಸಿ ತಿನ್ಸೂದು ಬಿಟ್ರೋ ಇಲ್ಲೋ?"

"ಖಾದಿ ಮಸಿ ತಿಂದ್ರ ಇಂಜಿನ್ ಉಳೀತೈತ್ರಿ, ಸಾವಕಾರ್ರ. ಇಂಜಿನ್ ಮಸಿ ತಿಂದ್ರ ನೀವೂ ನಮ್ಮ ಜೋಡಿ ನಡೀಬೇಕಾಗತೈತಿ."

ಬಸ್ಸು ಹತ್ತುವವರ ಸಾಲಿನಲ್ಲಿದ್ದ ಶಿವಬಸವ್ವ ಸುಮ್ಮನಿರುವವಳಲ್ಲ. "ನೂತಾಕಿ ನಾ, ನೇಯ್ದಾಕಿ ನಾ. ಇವರು ಉಟ್ಟದ್ದಷ್ಟ! ಖಾದಿ ಮೈಲಿಗಿ ಆಗತೈತೇನ್ರಿ, ಯಪ್ಪಾ? ನನ್ನ ಮೊಮ್ಮಗಳ ತೊಟ್ಟಲದಾಗೂ ಖಾದೀನ ಹಾಸೇನಿ. ಅಲ್ಲಿ ದಿನಾ ಏನಾಗತೈತಿ, ಬಂದು ನೋಡ್ರಿ!"

ಬಸ್ಸೆಲ್ಲ ನಗುತ್ತದೆ. ಮುರುಗೆಪ್ಪನವರು ಟೊಪ್ಪಿಗೆ ಸರಿಪಡಿಸಿಕೊಂಡು ಅದೇ ಬಸ್ಸನ್ನು ಹತ್ತಿ ಮುಂದಿನ ಆಸನದಲ್ಲಿ ಕೂರುತ್ತಾರೆ.

ನೇಯ್ದ ಹೊಸ ಬಟ್ಟೆಯೆಲ್ಲ ಮುರುಗೆಪ್ಪನವರ ಕಣ್ಣ ಮುಂದೆಯೇ ಮಾರಾಟವಾಗುವುದರಿಂದ ಶಿವಬಸವ್ವನ ಕೈ ಕಟ್ಟಿದೆ. ಆದರೆ ಉಟ್ಟು ಹಳೆಯದಾದ ಸೀರೆ ಅವಳದೇ ತಾನೆ? ಅದನ್ನೇ ಎರಡು ಪದರ ಮಾಡಿ ಹೊಲಿದು ತಂದಿದ್ದಾಳೆ. ಮಕಬೂಲಸಾಬರು ಅಲ್ಲಿಯೇ ಚೀಲ ಬದಲಿಸುತ್ತಾರೆ. ಧಾರವಾಡ ತಲುಪಿದೊಡನೆ ಚೀಲದಾಚೆಯ ಕೊಳವೆಯೊಳಗೆ ಬೆರಳಾಡಿಸಿ ನೋಡುತ್ತಾರೆ. ಬೆರಳಿಗೆ ಮಸಿಯಿಲ್ಲ. ಹೊಸ ಬಟ್ಟೆಯ ಚೀಲದಲ್ಲಿಯೂ ಹೀಗೆ ಆಗಿರಲಿಲ್ಲ. ಒಗೆದು ಒಗೆದು ಎಳೆಗಳು ಅರಳಿದ ಹಳೆಯ ಖಾದಿ ಬೂದಿಯನ್ನು ಇನ್ನೂ ಚೆನ್ನಾಗಿ ಹಿಡಿದಿದೆ.

"ನೋಡ ಯಕ್ಕಾ, ನೋಡ!" ಎಂದು ಆ ಬೆರಳನ್ನು ಶಿವಬಸವ್ವನಿಗೆ ತೋರಿಸುತ್ತಾರೆ. ಆಮೇಲೆ, ಇದನ್ನು ಬರೆಯಲೆಂದು ಜೊತೆಗೆ ಬಂದಿದ್ದ ನಮ್ಮತ್ತ ತಿರುಗಿ, "ಹೊಸಾದು ಬ್ಯಾಡರಿ, ಅದನ್ನ ಮಂದಿ ಉಡಲಿ. ಉಟ್ಟು ಮೆತ್ತಗಾದದ್ದು ಸಿಕ್ರ ಸಾಕು, ಈ ಗಾಡಿ ಇನ್ನೂ ಭಾಳ ದಿನಾ ಬಾಳತೈತಿ," ಎನ್ನುತ್ತಾರೆ.

ಒಂದು ಸೀರೆ ಮಳೆಗಾಲ ದಾಟಿಸಲಾರದು. ಆದುದರಿಂದ, ಓದುಗ ಮಹಾಶಯರೇ, ಇಂದೇ ತಮ್ಮ ಪೆಟ್ಟಿಗೆ ತೆರೆಯಿರಿ. ಸವೆದ ಖಾದಿ ಧೋತರವೋ ಸೀರೆಯೋ ಇದ್ದರೆ ಒಗೆದು, ಚೆನ್ನಾಗಿ ಒಣಗಿಸಿ, ಮುಂಜಾನೆ ಬಸ್ಸು ಹೊರಡುವ ಮುನ್ನ ಮಕಬೂಲಸಾಬರ ಕೈಗೆ ಕೊಡಿ. ಬಿಸಿಲಿಗೆ ಹಾಕಲು ಮರೆಯಬೇಡಿ. ಹಸಿ ಬಟ್ಟೆಯಲ್ಲಿ ಗ್ಯಾಸು ಹಾಯುವುದಿಲ್ಲ.