ಆಕಾಶಕ್ಕೆ ಅಂಜುವ ರೇಶನ್ ಅಂಗಡಿಯವ

ಜೊಯಿಡಾ ಕಾಡಿನ ನಮ್ಮೂರಿಗೆ ಮೊಬೈಲ್ ಟವರ್ ಬರಲಿಲ್ಲ, ಉಪಗ್ರಹದ ಇಂಟರ್ನೆಟ್ ಬಂತು. ಹೆಬ್ಬೆರಳಿನ ಗುರುತು ಆಕಾಶಕ್ಕೆ ಹೋಗಿ ಬಂದರಷ್ಟೇ ಅಕ್ಕಿ. ಅಂಗಡಿಯ ನಾಗಲಿಂಗಪ್ಪ ಚಪ್ಪಲಿ ಬಿಟ್ಟು ಹೆಂಚಿನ ಮಾಡು ಹತ್ತಿ, ಡಿಶ್ ಒರೆಸಿ ವಿಭೂತಿ ಹಚ್ಚುತ್ತಾನೆ. ಅದರ ಕೆಳಗೆ ಯಾರೂ ಸರ್ಕಾರವನ್ನು ಬೈಯುವಂತಿಲ್ಲ. ಮುದುಕಿ ತಾಯವ್ವನ ಸವೆದ ಬೆರಳನ್ನು ಮಷೀನು ಒಪ್ಪದೆ ಅಕ್ಕಿ ತಪ್ಪಿದಾಗ ನಾನು, ‘ಧರಣಿ ಕೂಡೂಣು’ ಅಂದೆ. ‘ಸಾವಕಾಶ ಮಾತಾಡ್ರಿ ಅಣ್ಣಾರ, ಮ್ಯಾಲ ಕೇಳಸ್ತೈತಿ’ ಅಂದ ನಾಗಲಿಂಗಪ್ಪ. ‘ತಹಶೀಲ್ದಾರನ್ನ ಬಾಗಲದಾಗ ತಡದೇವಿ, ಈ ಉಪಗ್ರಹಕ್ಕ ಬಾಗಲಾ ಎಲ್ಲೈತೋ?’ ಅಂತ ನಕ್ಕೆ. ಅವನು ನಗಲಿಲ್ಲ. ‘ಅದಕ್ಕ ನನಗ ಅಂಜಿಕಿ ಬರ್ತೈತ್ರಿ’ ಅಂದ. ಒಮ್ಮೆ ಅವನ ಬೆರಳಿಗೂ ಮಷೀನು ‘ಇಂಥವರು ಯಾರೂ ಇಲ್ಲ’ ಅಂತ ತೋರಿಸಿತ್ತಂತೆ. ಅಂದಿನಿಂದ ದಿನಾ ಬೆಳಿಗ್ಗೆ ಮೊದಲು ತನ್ನ ಹೆಬ್ಬೆರಳನ್ನೇ ಒತ್ತಿ ನೋಡುತ್ತಾನೆ. ಹಸಿರು ದೀಪ ಹತ್ತಿದ ಮೇಲಷ್ಟೇ ಹೆಂಡತಿಗೆ ಚಹಾ ಕೇಳುತ್ತಾನೆ.